ಹಕ್ಕಿ ಕೋಣೆಯ ಪುಸ್ತಕಗಳು

ಓದುವ ಚಟ ನನಗೆ ಅಂಟಿದ್ದು ಚಿಕ್ಕಮಗಳೂರಿನಲ್ಲಿ, ಅಪ್ಪನ ದಿನಸಿ ಅಂಗಡಿಯಲ್ಲಿ. ಪೊಟ್ಟಣ ಕಟ್ಟಲು ರದ್ದಿ ಕಾಗದ ತೂಕಕ್ಕೆ ಬರುತ್ತಿತ್ತು. ಅದರಲ್ಲಿ ಹಳೆಯ ಮಾಸಪತ್ರಿಕೆಗಳು, ಹೊಲಿಗೆ ಬಿಚ್ಚಿದ ಕಾದಂಬರಿಗಳು ಇರುತ್ತಿದ್ದವು. ಅಪ್ಪ ಕೊತ್ತಂಬರಿ ಬೀಜ ತೂಗಿ ಮುಗಿಸುವಷ್ಟರಲ್ಲಿ ನಾನು ಒಂದು ಹಾಳೆ ಓದಿ ಅವರ ಕೈಗೆ ಕೊಡಬೇಕಿತ್ತು. ನಾಯಕಿ ಬಾವಿಕಟ್ಟೆ ಹತ್ತಿ ನಿಂತಳು ಎನ್ನುವಲ್ಲಿಗೆ ಪುಟ ಮುಗಿಯುತ್ತಿತ್ತು. ಮುಂದಿನ ಪುಟ ಯಾರದೋ ಮನೆಗೆ ಮೆಣಸಿನಕಾಯಿ ಕಟ್ಟಿಸಿಕೊಂಡು ಹೋಗಿರುತ್ತಿತ್ತು. ಅವಳು ಹಾರಿದಳೋ ಇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಿಡ್ಲ್‌ಸ್ಕೂಲ್ ಪಾಸಾಗಿ, ಸ್ವಲ್ಪ ಕಾಲ ಅಂಗಡಿಯಲ್ಲೇ ಕೂತು, ಕೊನೆಗೆ ಜಾವಳಿ ಹತ್ತಿರದ ಒಂದು ಕಾಫಿ ಎಸ್ಟೇಟಿಗೆ ರೈಟರ್ ಆಗಿ ಸೇರಿದೆ. ಯುದ್ಧ ಶುರುವಾಗಿದ್ದ ಕಾಲ. ಬೆಳಗ್ಗೆ ಆಳುಗಳ ಹಾಜರಿ, ಮಧ್ಯಾಹ್ನ ಕಣದಲ್ಲಿ ಕಾಫಿ ಒಣಗುವುದನ್ನು ನೋಡಿಕೊಳ್ಳುವುದು, ಸಂಜೆ ಲೆಕ್ಕ. ಕೆಲಸ ಕಷ್ಟದ್ದಲ್ಲ. ಆದರೆ ಓದುವುದಕ್ಕೆ ಏನೂ ಇರಲಿಲ್ಲ. ನನಗೆ ಕೊಟ್ಟ ಮನೆಯ ಗೋಡೆಗೆ ಹಿಂದಿನ ರೈಟರು ಹಳೆಯ ಪತ್ರಿಕೆಗಳನ್ನು ಅಂಟಿಸಿ ಹೋಗಿದ್ದರು. ಅವನ್ನೆಲ್ಲ ಓದಿ ಮುಗಿಸಿದೆ. ತಲೆಕೆಳಗಾಗಿ ಅಂಟಿಸಿದ್ದನ್ನು ಕತ್ತು ತಿರುಚಿಕೊಂಡು ಓದಿದೆ. ಆಮೇಲೆ ಪಂಚಾಂಗ ಓದಿದೆ, ಬಿಸ್ಕತ್ತಿನ ಡಬ್ಬದ ಮೇಲಿನ ಅಕ್ಷರ ಓದಿದೆ.

ನನ್ನ ಹಸಿವು ಸಾಹುಕಾರರ ಕಿವಿಗೆ ಬಿತ್ತು. ಎಸ್ಟೇಟಿನ ಮಾಲೀಕರನ್ನು ನಾವೆಲ್ಲ ಹಾಗೆ ಕರೆಯುತ್ತಿದ್ದೆವು. ನಡುವಯಸ್ಸಿನ ದಪ್ಪ ಮನುಷ್ಯ, ದೊಡ್ಡ ಗಂಟಲು, ದೊಡ್ಡ ನಗು. ಆಳುಗಳಿಗೆ ಕೆಡುಕು ಮಾಡಿದವರಲ್ಲ. ಒಂದು ದಿನ ಕಣಕ್ಕೆ ಬಂದವರು, "ನಿಂಗೆ ಪುಸ್ತಕದ ಹುಚ್ಚಂತೆ? ನಮ್ಮಪ್ಪಂದು ಒಂದು ಬೀರು ತುಂಬ ಇದೆ. ಭಾನುವಾರ ಬಂಗಲೆಗೆ ಬಾ ಮಾರಾಯ" ಎಂದರು. ನಾನು ಭಾನುವಾರದವರೆಗೆ ನೆಲದ ಮೇಲೆ ಕಾಲಿಡಲಿಲ್ಲ.

ಪಕ್ಕದ ಎಸ್ಟೇಟಿನಲ್ಲಿದ್ದ ಬಿಳಿ ದೊರೆ ತನ್ನ ದೇಶಕ್ಕೆ ಹೊರಡುವ ಮೊದಲು ಇವರಿಗೊಂದು ಹವ್ಯಾಸ ಕಲಿಸಿ ಹೋಗಿದ್ದ. ಹಕ್ಕಿ ಹೊಡೆದು, ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಬದುಕಿದ ಹಾಗೆ ಕೂರಿಸುವುದು. ಬಂಗಲೆಯ ಜಗುಲಿಯ ಕೊನೆಯಲ್ಲಿ ಅದಕ್ಕೇ ಒಂದು ಕೋಣೆ. ಬಾಗಿಲು ತೆಗೆದ ಕೂಡಲೇ ಕರ್ಪೂರ, ಸೀಮೆಎಣ್ಣೆ, ಹಳಸಿದ ಕೊಬ್ಬು ಒಟ್ಟಿಗೆ ಮುಖಕ್ಕೆ ಹೊಡೆದವು. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಮರಕುಟಿಗ, ಪಾರಿವಾಳ, ಗೂಬೆ. ಗಾಜಿನ ಕಣ್ಣು ತರಿಸುವುದು ಯುದ್ಧದಿಂದ ನಿಂತುಹೋಗಿದ್ದರಿಂದ ಎಲ್ಲಕ್ಕೂ ಗುಲಗಂಜಿ ಕಣ್ಣು. ಆ ಕೆಂಪು ಕಣ್ಣುಗಳೆಲ್ಲ ಬಾಗಿಲ ಕಡೆಗೇ ನೋಡುತ್ತಿದ್ದವು. ಅವುಗಳ ನಡುವೆ, ಮೂಲೆಯಲ್ಲಿ, ಪುಸ್ತಕದ ಬೀರು.

ನಾವು ಶೈವರು. ಮನೆಯೊಳಗೆ ಮೊಟ್ಟೆಯ ಹೆಸರೂ ಎತ್ತುವವರಲ್ಲ. ನಾನು ಹೊಸ್ತಿಲಲ್ಲೇ ನಿಂತೆ.

"ಬಾ ಒಳಗೆ. ಇದರ ಕಾಲು ಹಿಡ್ಕೊ. ನನ್ನ ಆಳು ರಜ ಹಾಕಿದಾನೆ" ಎಂದರು ಸಾಹುಕಾರರು. ಮೇಜಿನ ಮೇಲೆ ಒಂದು ಹಸಿರು ಪಾರಿವಾಳ ಅಂಗಾತ ಬಿದ್ದಿತ್ತು.

"ನಂಗೆ ಅಭ್ಯಾಸ ಇಲ್ಲ ಸಾಹುಕಾರ್ರೆ."

"ಕಚ್ಚಲ್ಲ ಮಾರಾಯ, ಸತ್ತಿದೆ. ಬಿಗಿಯಾಗಿ ಹಿಡ್ಕೊ. ಆಮೇಲೆ ಬೇಕಾದ ಪುಸ್ತಕ ತಗೊಂಡು ಹೋಗು."

ಹಿಡಿದೆ. ಕಾಲು ಇನ್ನೂ ಬೆಚ್ಚಗಿತ್ತು. ಅವರು ಹೊಟ್ಟೆಯ ತುಪ್ಪುಳ ಬಿಡಿಸಿ ಉದ್ದಕ್ಕೆ ಸೀಳಿದರು, ಬನಿಯನ್ ಬಿಚ್ಚಿದ ಹಾಗೆ ಚರ್ಮವನ್ನು ಹಿಂದಕ್ಕೆ ಎಳೆದರು. ಒದ್ದೆಯ ಸದ್ದು ಬಂತು. ತಲೆಬುರುಡೆಯ ಹಿಂದೆ ತೂತು ಮಾಡಿ ಮಿದುಳನ್ನು ಒಂದು ಸಣ್ಣ ಚಮಚದಿಂದ ಕೆರೆದು ತೆಗೆದು, ಚಮಚವನ್ನು ಪಂಚೆಗೆ ಒರೆಸಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ಅದೇ ಚಮಚ ಸಕ್ಕರೆಗೆ ಇಳಿಯಿತು. ನನ್ನ ಲೋಟಕ್ಕೂ ಹಾಕಿ ಕಲಕಿಕೊಟ್ಟರು. ನಾನು ಲೋಟವನ್ನು ಜಗುಲಿಗೆ ಒಯ್ದು, ಯಾರೂ ನೋಡದ ಹಾಗೆ ಗುಲಾಬಿ ಗಿಡದ ಬುಡಕ್ಕೆ ಸುರಿದೆ. ಕಾಫಿ ತೋಟದಲ್ಲಿದ್ದುಕೊಂಡು ಆ ಬಂಗಲೆಯ ಕಾಫಿಯನ್ನು ನಾನು ಎಂದೂ ಕುಡಿಯಲಿಲ್ಲ.

ಆದರೆ ಪುಸ್ತಕ ತಂದೆ. ಹಿಂತಿರುಗುವಾಗ ಹಳ್ಳದಲ್ಲಿ ಮಿಂದು, ಬಟ್ಟೆ ಹಿಂಡಿ, ಪುಸ್ತಕವನ್ನು ತುದಿಬೆರಳಲ್ಲಿ ಹಿಡಿದು ಮನೆಗೆ ಬಂದೆ. ರಟ್ಟಿನ ಮೇಲೆ ಜಿಡ್ಡಿನ ಹೆಬ್ಬೆಟ್ಟು, ಪುಟಗಳ ನಡುವೆ ಸಣ್ಣ ತುಪ್ಪುಳ. ಒಣಬಟ್ಟೆಯಿಂದ ಒರೆಸಿ, ಬಿಸಿಲಿಗಿಟ್ಟು, ಮೇಲೆ ಕಾಗದದ ಹೊದಿಕೆ ಹಾಕಿದೆ. ಓದಲು ಕೂತ ಮೇಲೆ ಮಾತ್ರ ವಾಸನೆ ಮರೆತುಹೋಯಿತು. ಅದೊಂದು ಪತ್ತೇದಾರಿ ಕಾದಂಬರಿ. ಮೊದಲ ಪುಟದಿಂದ ಕ್ರಮವಾಗಿ ಪುಸ್ತಕ ಓದುವ ಸುಖ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಹೀಗೆ ಭಾನುವಾರಗಳು ಕಳೆದವು. ಹಕ್ಕಿಯ ಕಾಲು ಹಿಡಿಯುವುದು, ಪುಸ್ತಕ ತರುವುದು. ವಾಕರಿಕೆ ಕಡಿಮೆಯಾಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಶನಿವಾರ ಸಂಜೆಯಿಂದಲೇ ಊಟ ಬಿಡುತ್ತಿದ್ದೆ. ಸಾಹುಕಾರರ ತಾಯಿ, ನಾವು ಅಮ್ಮನವರು ಎನ್ನುತ್ತಿದ್ದ ಮುದುಕಿ, ಆ ಕೋಣೆಯ ಕಡೆ ಸುಳಿಯುತ್ತಲೇ ಇರಲಿಲ್ಲ. ಜಗುಲಿಯಲ್ಲಿ ಹಾದುಹೋಗುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಕಾಫಿ ಹೂ ಬಿಟ್ಟ ದಿನಗಳಲ್ಲಿ ನನ್ನ ಮದುವೆ ಗೊತ್ತಾಯಿತು. ಅದೇ ದಿನಗಳಲ್ಲಿ ಸಾಹುಕಾರರು ಬಾಗಿದ ದೊಡ್ಡ ಕೊಕ್ಕಿನ ಒಂದು ಗಂಡು ಮಂಗಟ್ಟೆ ಹಕ್ಕಿಯನ್ನು ಹೊಡೆದರು. ತೋಟದ ಮೇಲಿನ ಕಾಡಿನಲ್ಲಿ ಹಳೆಯ ಮರವೊಂದರ ಪೊಟರೆಗೆ ಅದು ಹಣ್ಣು ಒಯ್ಯುವುದನ್ನು ನಾವೆಲ್ಲ ನೋಡಿದ್ದೆವು. ಹೆಣ್ಣು ಒಳಗೆ ಕೂತು ಪೊಟರೆಯ ಬಾಯನ್ನು ಮಣ್ಣು ಹಿಕ್ಕೆಗಳಿಂದ ಮುಚ್ಚಿಕೊಳ್ಳುತ್ತದೆ. ಕೊಕ್ಕಿನಷ್ಟು ಸಂದು ಉಳಿಸಿರುತ್ತದೆ. ಗಂಡು ತಂದುಕೊಟ್ಟರೆ ಅದಕ್ಕೆ ಅನ್ನ.

"ಒಳಗಿನದು ಸಾಯುತ್ತಲ್ಲ ಸಾಹುಕಾರ್ರೆ" ಎಂದೆ.

"ಸಾಯೋಕೆ ಎಲ್ಲಿ ಬಿಟ್ಟೆ? ಆಳು ಹತ್ತಿಸಿ ಪೊಟರೆ ಒಡೆಸಿದೀನಿ. ಜೋಡಿ ಮಾಡಿ ಕೂರಿಸ್ತೀನಿ ನೋಡು."

ಗೋಣಿಚೀಲ ಬಂತು. ಬಾಯಿ ಬಿಚ್ಚಿ ಅದನ್ನು ಜಗುಲಿಯ ಮೇಲೆ ಸುರಿದರು. ಪೊಟರೆಯಲ್ಲಿ ಕೂತ ಹೆಣ್ಣು ರೆಕ್ಕೆಯ ಗರಿಗಳನ್ನೆಲ್ಲ ಉದುರಿಸಿಕೊಂಡಿತ್ತು. ಬೋಳು ರೆಕ್ಕೆಗಳನ್ನು ನೆಲಕ್ಕೆ ಒತ್ತಿ ಏಳಲು ನೋಡಿತು, ಆಗಲಿಲ್ಲ. ಮೈಗೆ ತನ್ನದೇ ಹಿಕ್ಕೆ ಮೆತ್ತಿತ್ತು. ಜೊತೆಗೆ ಒಂದು ಮರಿ, ಗುಲಾಬಿ ಬಣ್ಣದ ಮಾಂಸದ ಮುದ್ದೆ, ಆಗಲೇ ಸತ್ತಿತ್ತು. ಸಾಹುಕಾರರು ಬಗ್ಗಿ ನೋಡಿ, "ಥತ್, ಗರಿಯೇ ಇಲ್ಲ. ಇದು ಯಾವ ಕೆಲಸಕ್ಕೂ ಬರಲ್ಲ" ಎಂದು ಕಾಲಿನಿಂದ ಅಂಗಳಕ್ಕೆ ತಳ್ಳಿದರು. ನಾಯಿಗಳು ಕಾಯುತ್ತಿದ್ದವು. ನಾನು ಅಂದು ಪುಸ್ತಕ ಕೇಳದೆ ಮನೆಗೆ ಬಂದೆ. ದಾರಿಯುದ್ದಕ್ಕೂ ಹೂವಿನ ವಾಸನೆ ಕವಿದುಕೊಂಡಿತ್ತು. ಅದಕ್ಕೂ ಮೂಗು ಮುಚ್ಚಿಕೊಂಡೇ ನಡೆದೆ.

ಮದುವೆ ಮುಗಿಸಿ ಹೆಂಡತಿಯನ್ನು ಕರೆದುಕೊಂಡು ಎಸ್ಟೇಟಿಗೆ ಬಂದಾಗ ಸಾಹುಕಾರರು ಉಡುಗೊರೆಯೊಂದನ್ನು ಕಳಿಸಿದರು. ಮರದ ಕೊಂಬೆಯ ಮೇಲೆ ಕೂರಿಸಿದ ಗಂಡು ಮಂಗಟ್ಟೆ. "ಹೆಂಡ್ತೀನ ಹೇಗೆ ಸಾಕ್ಬೇಕು ಅಂತ ಇದನ್ನ ನೋಡಿ ಕಲಿ ಅಂದಿದಾರೆ" ಎಂದು ತಂದ ಆಳು ಹೇಳಿದ. ನನ್ನ ಹೆಂಡತಿ ಅದರ ಗುಲಗಂಜಿ ಕಣ್ಣನ್ನು ನೋಡಿ, "ಇದನ್ನ ಎಲ್ಲಿಡೋದು? ದೇವರ ಗೂಡು ಇರೋ ಮನೇಲಿ ಹೆಣ ಇಟ್ಕೊಳ್ಳೋದೇ?" ಎಂದಳು. ಯಜಮಾನರ ಉಡುಗೊರೆ, ಎಸೆಯುವಂತಿಲ್ಲ. ಹೊರಗಿನ ಸೌದೆ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟೆ.

ಮಳೆ ಹಿಡಿಯಿತು. ನನ್ನ ಭಾನುವಾರಗಳು ಮತ್ತೆ ಶುರುವಾಗಿದ್ದವು. ಹುಳ ಬೀಳದಂತೆ ಹಕ್ಕಿಯ ಚರ್ಮಕ್ಕೆ ಹಚ್ಚುವ ಪಾಷಾಣದ ಸಾಬೂನು ಕೂಡ ಯುದ್ಧದಿಂದಾಗಿ ಬರುತ್ತಿರಲಿಲ್ಲ. ಸಾಹುಕಾರರು ಬರೀ ಉಪ್ಪು, ಬೂದಿ ಹಚ್ಚಿ ಮುಗಿಸಿದ್ದರು. ಒಂದು ಬೆಳಗ್ಗೆ ಸೌದೆ ತರಲು ಹೋದ ಹೆಂಡತಿ ಕಿರುಚಿಕೊಂಡಳು. ಓಡಿಹೋಗಿ ನೋಡಿದರೆ ಅವಳ ತಲೆಯ ಮೇಲೆ, ಭುಜದ ಮೇಲೆ ಹುಳ. ಹಕ್ಕಿಯ ಕೊರಳು ಕಳಚಿ ಜೋತುಬಿದ್ದಿತ್ತು. ಹೊಟ್ಟೆಯ ಹೊಲಿಗೆ ಬಿಟ್ಟು ಅಲ್ಲಿಂದ ಬಿಳಿ ಹುಳಗಳು ಅಕ್ಕಿ ಸುರಿದ ಹಾಗೆ ಸುರಿಯುತ್ತಿದ್ದವು. ನೀರು ಕಾಸಿ ಅವಳ ತಲೆಗೆ ಹೊಯ್ದೆ. ಅವಳು ಸೀಗೆಪುಡಿ ತಿಕ್ಕಿದಳು, ಮತ್ತೆ ತಿಕ್ಕಿದಳು, ನೆತ್ತಿ ಕೆಂಪಾದರೂ ಬಿಡಲಿಲ್ಲ.

ಆಮೇಲೆ ಹಕ್ಕಿಯನ್ನು ಕೋಲಿನಿಂದ ಕೆಳಗೆಳೆದೆ. ಅದು ನೆಲಕ್ಕೆ ಬಿದ್ದು ಒಡೆಯಿತು. ಒಳಗೆ ಹತ್ತಿ ಇರಲಿಲ್ಲ. ಮುದುರಿದ ಕಾಗದದ ಉಂಡೆಗಳಿದ್ದವು. ಕೋಲಿನಿಂದ ಒಂದನ್ನು ಬಿಡಿಸಿದೆ. ಅಚ್ಚಿನ ಕನ್ನಡ ಅಕ್ಷರ, ಮೇಲೆ ಪುಟದ ಅಂಕಿ. ಇನ್ನೊಂದು ಬಿಡಿಸಿದೆ. ಬೇರೆ ಪುಸ್ತಕದ್ದು. ಕೆಲವುಗಳ ಮೇಲೆ ಹುಳ ಅಕ್ಷರಗಳನ್ನು ತಿಂದು ದಾರಿ ಮಾಡಿತ್ತು. ಯಾರೋ ಹೆಂಗಸು ಗಂಡನಿಗೆ ಏನೋ ಹೇಳುತ್ತಿದ್ದ ಸಾಲು ಕಂಡಿತು. ಕಣ್ಣು ತಾನಾಗಿಯೇ ಮುಂದೆ ಓದಿತು. ಮೂರನೆಯ ಸಾಲಿಗೆ ನಾನು ಕೊಟ್ಟಿಗೆಯ ಮೂಲೆಗೆ ಓಡಿ ವಾಂತಿ ಮಾಡಿಕೊಂಡೆ.

"ಪುಸ್ತಕ ಹರಿದು ತುಂಬಿದಾರಾ?" ಎಂದು ಹೆಂಡತಿ ಒದ್ದೆ ಕೂದಲಲ್ಲೇ ಬಂದು ಕೇಳಿದಳು. "ಅದನ್ನ ಓದ್ತಿದೀರಾ ನೀವು? ಬಿಡಿ ಅದನ್ನ!" ಅವಳೇ ಒಲೆಯಿಂದ ಕೆಂಡ ತಂದು ಸುರಿದಳು.

ನಾನು ಆ ವಾರ ಮನೆಯಲ್ಲಿದ್ದ ಪುಸ್ತಕವನ್ನು ಎತ್ತಿಕೊಂಡು ನೇರ ಬಂಗಲೆಗೆ ಹೋದೆ. ಸಾಹುಕಾರರು ಹಕ್ಕಿ ಕೋಣೆಯಲ್ಲಿ ಒಂದು ಗಿಳಿಯ ಮುಂದೆ ಕೂತಿದ್ದರು. ಪುಸ್ತಕ ಮೇಜಿನ ಮೇಲಿಟ್ಟು, "ಇನ್ಮೇಲೆ ಭಾನುವಾರ ಬರೋಕಾಗಲ್ಲ" ಎಂದೆ.

"ಯಾಕೋ? ಹೆಂಡ್ತಿ ಬಿಡಲ್ವಾ?"

"ಮಂಗಟ್ಟೆ ಕೊಳೆತುಹೋಯ್ತು. ಒಳಗೆ ಪುಸ್ತಕದ ಹಾಳೆ ಇತ್ತು."

"ಹತ್ತಿ ಎಲ್ಲಿ ಸಿಗುತ್ತೆ ಮಾರಾಯ ಈಗ? ಹಳೇ ಕಾಗದ ಅದು. ಯಾರು ಓದ್ತಾರೆ?"

"ನಾನು ಓದ್ತಿದ್ದೆ ಸಾಹುಕಾರ್ರೆ." ನನ್ನ ದನಿ ಏರಿತ್ತು. "ನಿಮ್ಮ ತಂದೆಯವ್ರು ಓದ್ತಿದ್ರು. ನೀವು ಅದನ್ನ ಹರಿದು ಹೆಣಕ್ಕೆ ತುಂಬಿದೀರಿ."

ಹಿಂದೆ ಕೋಲಿನ ಸದ್ದಾಯಿತು. ಅಮ್ಮನವರು ಬಾಗಿಲಲ್ಲಿ ನಿಂತಿದ್ದರು. ಮೂಗಿನ ಮೇಲೆ ಸೆರಗು. "ಯಾರ ಪುಸ್ತಕ?" ಎಂದರು. ಅವರು ಒಳಗೆ ಬಂದು, ಬೀರುವಿನ ಬಾಗಿಲು ಎಳೆದು, ದಪ್ಪದೊಂದು ಪುಸ್ತಕ ತೆಗೆದರು. ಬೆನ್ನು ನೆಟ್ಟಗಿತ್ತು, ರಟ್ಟು ಗಟ್ಟಿಯಾಗಿತ್ತು. ತೆರೆದರೆ ಒಳಗೆ ಹೊಲಿಗೆಯ ದಾರ ಮಾತ್ರ. ಇನ್ನೊಂದು ತೆಗೆದರು. ಅದೂ ಹಾಗೆಯೇ. ನಾನು ಇಷ್ಟು ದಿನ ತೆಗೆದದ್ದೆಲ್ಲ ಕೆಳಗಿನ ಸಾಲಿನಿಂದ. ಮೇಲಿನ ಸಾಲಿನ ಪುಸ್ತಕಗಳೆಲ್ಲ ಬರೀ ಚಿಪ್ಪು.

"ನಂಗೆ ಓದೋಕೆ ಬರಲ್ಲ" ಎಂದು ಅಮ್ಮನವರು ನಿಧಾನವಾಗಿ ಹೇಳಿದರು. "ನಿಮ್ಮಪ್ಪ ಕಡೂರಿನ ರೈಲಿಗೆ ಪುಸ್ತಕ ಬರ್ತಾವೆ ಅಂತ ಗಾಡಿ ಕಳಿಸ್ತಿದ್ರು. ಬಂದ ದಿನ ಊಟ ಮಾಡ್ತಿರಲಿಲ್ಲ. ನೀನು ಅದನ್ನ ಹಕ್ಕಿ ಹೊಟ್ಟೆಗೆ ತುರುಕಿದೆಯಾ? ನಿನ್ನ ಕೈ ನೋಡ್ಕೊ. ಆ ಕೈಯಲ್ಲೇ ನಾನು ಬಡಿಸಿದ್ದು ಉಣ್ತೀಯಲ್ಲ. ಹೇಸಿಗೆ, ಹೇಸಿಗೆ."

ಸಾಹುಕಾರರು ತಲೆ ತಗ್ಗಿಸಿ ಗಿಳಿಯ ತುಪ್ಪುಳವನ್ನು ಸವರತೊಡಗಿದರು.

ಅಂದು ಮಧ್ಯಾಹ್ನವೇ ಅಮ್ಮನವರು ಹಕ್ಕಿಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿಸಿ ಸುಡಿಸಿದರು. ಮಳೆಯಲ್ಲಿ ಬೆಂಕಿ ಸರಿಯಾಗಿ ಹಿಡಿಯಲಿಲ್ಲ. ಸೀಮೆಎಣ್ಣೆ ಸುರಿದಾಗಲೆಲ್ಲ ಭಗ್ಗೆಂದು ಎದ್ದು ಮತ್ತೆ ಹೊಗೆಯಾಗುತ್ತಿತ್ತು. ಸುಟ್ಟ ತುಪ್ಪುಳದ ನಾತ ಕೆಳಗಿನ ಕೂಲಿ ಲೈನಿನ ಮನೆಗಳವರೆಗೂ ಇಳಿದು ಅಲ್ಲೇ ನಿಂತಿತು. ಉಣ್ಣಲು ಕೂತವರು ಅನ್ನ ಬಿಟ್ಟು ಎದ್ದರು. ಬೀರು ಅಮ್ಮನವರ ಕೋಣೆಗೆ ಹೋಯಿತು. ಉಳಿದ ಪುಸ್ತಕಗಳನ್ನು ಓದಿ ಹೇಳಲು ನನಗೆ ಹೇಳಿಕಳಿಸಿದರು.

ಹೋದೆ. ಆದರೆ ಪುಟ ಬಿಡಿಸಿದ ಕೂಡಲೇ ಕೊಟ್ಟಿಗೆಯ ನೆಲ ಕಣ್ಣಿಗೆ ಕಟ್ಟುತ್ತಿತ್ತು. ಅಕ್ಷರಗಳು ಹರಿದಾಡಿದ ಹಾಗೆ ಕಾಣುತ್ತಿತ್ತು. ನನ್ನಿಂದ ಆಗಲಿಲ್ಲ. ನನ್ನ ಹೆಂಡತಿಗೆ ಓದಲು ಬರುತ್ತಿತ್ತು. ತಲೆಯ ಮೇಲೆ ಹುಳ ಸುರಿಸಿಕೊಂಡವಳು ಅವಳಾದರೂ ಪುಸ್ತಕದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. "ಪುಸ್ತಕ ಏನು ಮಾಡ್ತು?" ಎಂದು ಅವಳೇ ಓದತೊಡಗಿದಳು. ಅಮ್ಮನವರು ಸಾಲು ಸಾಲಿಗೂ ತಡೆದು, ಕಥೆಯ ಹುಡುಗಿಗೆ ತವರಿನವರು ಯಾರೂ ಇಲ್ಲವಾ, ಅತ್ತೆ ಎಂಥವಳು ಎಂದು ವಿಚಾರಿಸುತ್ತಿದ್ದರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ಅಷ್ಟು ದೂರದಿಂದ ಕೇಳಬಹುದಿತ್ತು.

ಸಾಹುಕಾರರು ನನ್ನ ಮೇಲೆ ಹಗೆ ಸಾಧಿಸಲಿಲ್ಲ. ಕೆಲವು ದಿನ ಮುಖ ತಿರುಗಿಸಿಕೊಂಡಿದ್ದರು, ಆಮೇಲೆ ಹೊಳೆಗೆ ಸಿಡಿಮದ್ದಿನ ತೋಟೆ ಹಾಕಿ ಮೀನು ಹೊಡೆಯುವುದನ್ನು ಕಲಿತರು. ಒಡೆದ ಹೊಟ್ಟೆಯ ಮೀನುಗಳನ್ನು ಬುಟ್ಟಿಯಲ್ಲಿ ಹೊರಿಸಿಕೊಂಡು ಕಣದ ಮೇಲೇ ಹಾದುಹೋಗುತ್ತಿದ್ದರು. ಒಣಗಲು ಹರವಿದ ಕಾಫಿಯ ಮೇಲೆ ಲೋಳೆ ತೊಟ್ಟಿಕ್ಕುತ್ತಿತ್ತು. ನಾನು ಆ ಜಾಗದ ಕಾಫಿಯನ್ನು ಬೇರೆ ತೆಗೆಸುತ್ತಿದ್ದೆ.

ಆ ಕೊಯ್ಲು ಮುಗಿದ ಮೇಲೆ ಆಲ್ದೂರಿನ ಕಾಫಿ ವ್ಯಾಪಾರಿಯೊಬ್ಬರ ಮಂಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ಹೊರಡುವ ಬೆಳಗ್ಗೆ ಅಮ್ಮನವರು ನನ್ನ ಹೆಂಡತಿಗೆ ಸೀರೆ ಕೊಟ್ಟು, ಓದುತ್ತಿದ್ದ ಕಾದಂಬರಿಯನ್ನು ಮುಗಿಸಿಯೇ ಹೋಗಬೇಕೆಂದು ಹಟ ಹಿಡಿದು ಕೂರಿಸಿಕೊಂಡರು. ಬಸ್ಸಿಗೆ ಹೊತ್ತಾಗುತ್ತಿದೆ ಎಂದು ನಾನು ಅಂಗಳದಲ್ಲಿ ಚಡಪಡಿಸುತ್ತಿದ್ದಾಗ ಸಾಹುಕಾರರು ಹಿತ್ತಲಿನಿಂದ ಬಂದರು. ದೊರೆಗಳ ಹಾಗೆ ಕೈಕುಲುಕಿ ಕಳಿಸುವುದು ಅವರಿಗೆ ಇಷ್ಟ. ನಗುತ್ತ ಬಲಗೈ ಚಾಚಿದರು. ಉಗುರುಗಳ ಸಂದಿಯಲ್ಲಿ ಮೀನಿನ ಹುರುಪೆ ಮಿನುಗುತ್ತಿತ್ತು.

ನಾನು ಎರಡು ಹೆಜ್ಜೆ ಹಿಂದೆ ಸರಿದು, ಬಗ್ಗಿ ಕೈ ಮುಗಿದೆ.