ಬೆಂಚಿನ ಮೇಲೆ ಸರಿಯಿದ್ದ ಲ್ಯಾಪ್‌ಟಾಪು

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಇಸ್ತ್ರಿ ಗಾಡಿಯ ಎದುರಿಗಿನ ಮನೆಯ ಮುಂಗೋಣೆಯಲ್ಲಿ ಗೋದಾ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾರೆ. ಹೊರಗೆ ಬೋರ್ಡಿಲ್ಲ. ಬೋರ್ಡು ಹಾಕಿದರೆ ದಾರಿಹೋಕರೆಲ್ಲ ಒಳಗೆ ಬರುತ್ತಾರೆ, ದಾರಿಹೋಕರ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿಲ್ಲ.

ವಯಸ್ಸು ಐವತ್ನಾಲ್ಕು. ಇಪ್ಪತ್ತೆರಡು ವರ್ಷ ಊರಾಚೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವ ಕೆಲಸ ಮಾಡಿದವರು. ಬೋರ್ಡನ್ನು ಬೆಂಚಿನ ಮೇಲಿಟ್ಟು ಹದಿನಾಲ್ಕು ಕಡೆ ಅಳೆಯಬೇಕು, ಒಂದು ಕಡೆ ತಪ್ಪಿದರೂ ಕೆಂಪು ಚೀಟಿ ಅಂಟಿಸಬೇಕು. ಆ ವಿಭಾಗ ಮುಚ್ಚಿದಾಗ ಸ್ವಯಂ ನಿವೃತ್ತಿ ಪಡೆದು ಮನೆಗೆ ಬಂದರು. ಚೀಟಿ ಅಲ್ಲೇ ಉಳಿಯಿತು, ಅಂಟಿಸುವ ಅಭ್ಯಾಸ ಅವರ ಜೊತೆ ಬಂತು. ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರಾಗಿರುವ ಗಂಡ ರಾಮಸ್ವಾಮಿಗೆ ಮದುವೆಯಾದ ಮೊದಲ ವರ್ಷವೇ ಒಂದು ಅಂಟಿತ್ತು. ಅವರು ಅದನ್ನು ಕೀಳುವ ಪ್ರಯತ್ನ ಮಾಡಲಿಲ್ಲ.

ಗಿರಾಕಿಗಳೆಂದರೆ ಗೋದಾ ಅವರ ಕಣ್ಣಿನಲ್ಲಿ ಸುಳ್ಳು ಹೇಳುವವರು. ಕಾಫಿ ಚೆಲ್ಲಿ 'ತಾನಾಗೇ ಆಫ್ ಆಯ್ತು' ಎನ್ನುವವರು, ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ ಕಾಯಿಲೆಯ ಹೆಸರನ್ನು ತಾವೇ ಹೇಳುವವರು. ಅವರು ಮಾತು ಶುರು ಮಾಡಿದರೆ ಗೋದಾ ಸ್ಕ್ರೂಡ್ರೈವರ್ ಹುಡುಕಲು ಬಾಗುತ್ತಿದ್ದರು, ಮಾತು ಮುಗಿಯುವವರೆಗೆ ತಲೆ ಎತ್ತುತ್ತಿರಲಿಲ್ಲ. 'ಯಂತ್ರ ಹೇಳತ್ತೆ, ನೀವು ಹೇಳ್ಬೇಡಿ' ಎನ್ನುವುದು ಅವರ ಮಾಮೂಲಿ ಮಾತು.

ಗಿರಾಕಿಗಳಿಗಿಂತ ಕೀಳಾದವನು ಕಾಟನ್‌ಪೇಟೆಯ ನಂದೀಶ್. ಹತ್ತು ವರ್ಷ ಮೊಬೈಲ್ ಕವರ್ ಮಾರುತ್ತಿದ್ದವನು ಈಗ ಲ್ಯಾಪ್‌ಟಾಪ್ ತಜ್ಞ. ಅವನ ಅಂಗಡಿಯಲ್ಲಿ ಮಲ್ಟಿಮೀಟರ್ ಇದೆ, ಅದರೊಳಗೆ ಸೆಲ್ ಇಲ್ಲ. ಇದನ್ನು ಗೋದಾ ಒಮ್ಮೆ ಕಣ್ಣಾರೆ ಕಂಡಿದ್ದರು. ಯಾವ ಯಂತ್ರ ಬಂದರೂ ಅವನದು ಒಂದೇ ಪೂಜೆ: ಫ್ಯಾನಿಗೆ ಗಾಳಿ ಊದಿ, ಪ್ರೊಸೆಸರಿನ ಮೇಲೆ ಬಿಸಿ ಎಳೆಯುವ ಹೊಸ ಪೇಸ್ಟ್ ಬಳಿದು, ವಿಂಡೋಸ್ ಮತ್ತೆ ಹಾಕುವುದು. ಅದಕ್ಕೂ ಬಗ್ಗದಿದ್ದರೆ ಹೊಸ ಚಾರ್ಜರ್ ಮಾರುವುದು. ಎತ್ತು ಈಯಿತು ಅಂದರೆ ಕರು ಕಟ್ಟಿಹಾಕಲು ಹಗ್ಗ ತರುವ ಜಾತಿ ಎಂದು ಗೋದಾ ಗಂಡನಿಗೆ ಹೇಳಿದ್ದರು.

ಕಳೆದ ಫೆಬ್ರವರಿಯಲ್ಲಿ ಹೇಮಶ್ರೀ ಬಂದದ್ದು ನಂದೀಶನ ಕೈಯಿಂದ ಬಿಡಿಸಿಕೊಂಡ ಲ್ಯಾಪ್‌ಟಾಪಿನೊಂದಿಗೆ. ಗವಿಪುರಂನ ಹುಡುಗಿ, ಇಪ್ಪತ್ತೈದು ವಯಸ್ಸು. ಅಪ್ಪ ವೇಣುಗೋಪಾಲ್ ಸೈಟು ಮಾಡಿ ಮಾರುವವರು. ಹಗಲು ಮಲ್ಲೇಶ್ವರಂನ ಡಿಸೈನ್ ಕಂಪನಿಯೊಂದರಲ್ಲಿ ಕೆಲಸ, ಸಂಜೆ ಐದು ಜನರ ತಂಡ ಕಟ್ಟಿಕೊಂಡು ಆನ್‌ಲೈನ್ ಆಟ. ಅದಕ್ಕೂ ಪಂದ್ಯಾವಳಿಗಳಿವೆ, ಅರ್ಹತಾ ಸುತ್ತುಗಳಿವೆ ಎಂಬುದು ಗೋದಾ ಅವರಿಗೆ ಅಂದೇ ಗೊತ್ತಾಯಿತು. ಗೊತ್ತಾದದ್ದರಿಂದ ಹುಡುಗಿಯ ಬಗ್ಗೆ ಗೌರವವೇನೂ ಹೆಚ್ಚಲಿಲ್ಲ. ಲ್ಯಾಪ್‌ಟಾಪು ಒರಳುಕಲ್ಲಿನಷ್ಟು ಭಾರವಿತ್ತು. ಕೀಲಿಗಳ ಕೆಳಗೆ ಮದುವೆ ಛತ್ರದ ಸೀರಿಯಲ್ ಸೆಟ್ಟಿನಂತೆ ಬಣ್ಣಬಣ್ಣದ ದೀಪ ಓಡುತ್ತಿದ್ದವು.

ಆಟದ ನಡುವೆ ಯಂತ್ರ ಇದ್ದಕ್ಕಿದ್ದಂತೆ ಆಮೆಯಾಗುತ್ತದೆ ಎಂದಳು ಹೇಮಶ್ರೀ. ನಾಲ್ಕು ಗಿಗಾಹರ್ಟ್ಸಿನಲ್ಲಿ ಓಡಬೇಕಾದ ಪ್ರೊಸೆಸರ್ ಸೊನ್ನೆ ಪಾಯಿಂಟ್ ಎಂಟಕ್ಕೆ ಇಳಿದು ಅಲ್ಲೇ ಕೂರುತ್ತದೆ. ನಂದೀಶ್ ಪೇಸ್ಟ್ ಬದಲಿಸಿದ, ವಿಂಡೋಸ್ ಹಾಕಿದ, ಕೆಳಗಿಡಲು ಫ್ಯಾನಿನ ಸ್ಟ್ಯಾಂಡ್ ಮಾರಿದ. ಚಾರ್ಜರನ್ನೂ ಬದಲಿಸಿ ನೋಡಿ ಎಂದಿದ್ದಾನೆ.

"ಅವನು ಅಂಗಡಿಗೆ ಬಂದ ಬೆಕ್ಕಿಗೂ ಚಾರ್ಜರ್ ಮಾರ್ತಾನೆ," ಎಂದರು ಗೋದಾ.

ಹೇಮಶ್ರೀ ಚೀಲದಿಂದ ಇಟ್ಟಿಗೆಯಂಥ ಚಾರ್ಜರನ್ನು ಹೊರತೆಗೆಯುತ್ತಿದ್ದಳು. ಅದು ಬೇಡ, ತೆಗೆದುಕೊಂಡು ಹೋಗಿ ಎಂದರು. ಬೆಂಚಿನ ಮೇಲೆ ಅದೇ ಕಂಪನಿಯ, ತಾವು ಪರೀಕ್ಷಿಸಿ ಇಟ್ಟುಕೊಂಡ ಚಾರ್ಜರ್ ಇತ್ತು. ಜಾಗ ತಿನ್ನುವ ಸಾಮಾನು ಅವರಿಗೆ ಆಗುತ್ತಿರಲಿಲ್ಲ.

ಅಂದು ಮಧ್ಯಾಹ್ನ ಯಂತ್ರ ಬಿಚ್ಚಿದರು. ನಂದೀಶ್ ಪೇಸ್ಟನ್ನು ದೋಸೆಗೆ ಚಟ್ನಿ ಸವರಿದಂತೆ ಸವರಿದ್ದ. ಗೋದಾ ಅದನ್ನೆಲ್ಲ ಒರೆಸಿ, ತಾವೇ ತೆಳುವಾಗಿ ಹಚ್ಚಿ, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಪರೀಕ್ಷೆ ಹಾಕಿ ಎರಡು ಗಂಟೆ ಮುಂದೆ ಕುಳಿತರು. ಒಂದು ಸಲವೂ ಇಳಿಯಲಿಲ್ಲ. ಯಂತ್ರ ಸರಿಯಾಗಿದೆ ಎಂದು ಫೋನ್ ಮಾಡಿ ಕಳಿಸಿಕೊಟ್ಟರು. ಆಮೇಲೆ ಕಾಫಿ ಕುಡಿಯುತ್ತ ರಾಮಸ್ವಾಮಿಗೆ ನಂದೀಶನ ಪೇಸ್ಟಿನ ವರ್ಣನೆ ಮಾಡಿದರು.

ಐದನೇ ದಿನ ಹೇಮಶ್ರೀ ಮತ್ತೆ ಬಂದಳು. ಮತ್ತೆ ಹಾಗೇ ಆಗುತ್ತಿದೆ. ಈ ಸಲ ಒಂದು ಹಾಳೆಯಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಕೂತಾಗ ಹಾಗಾಯಿತು ಎಂದೆಲ್ಲ ಬರೆದುಕೊಂಡು ಬಂದಿದ್ದಳು. ಗೋದಾ ಹಾಳೆಯನ್ನು ತೆಗೆದುಕೊಂಡರು. ಹನ್ನೊಂದು ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿಡಲು ಅದು ಅನುಕೂಲವಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಈ ಹುಡುಗಿಗೆ ಆಟ ಸೋತಾಗಲೆಲ್ಲ ಯಂತ್ರ ನಿಧಾನ ಎಂದುಕೊಂಡರು.

ಆದರೂ ಯಂತ್ರದೊಳಗೆ ಉಳಿದಿದ್ದ ದಾಖಲೆಯನ್ನು ತೆರೆದು ನೋಡಿದಾಗ ಅವರ ಹುಬ್ಬು ಗಂಟಿಕ್ಕಿತು. ಹುಡುಗಿ ಸುಳ್ಳು ಹೇಳಿರಲಿಲ್ಲ. ಹಿಂದಿನ ಸಂಜೆ ಆರೂವರೆಗೆ ವೇಗ ನೆಲಕಚ್ಚಿತ್ತು. ಆಗ ಪ್ರೊಸೆಸರಿನ ತಾಪಮಾನ ಬರೀ ಐವತ್ತೆಂಟು ಡಿಗ್ರಿ. ಬಿಸಿಯಾಗಿ ನಿಧಾನವಾದದ್ದಲ್ಲ, ಯಂತ್ರದ ಇನ್ನಾವುದೋ ಭಾಗ ಪ್ರೊಸೆಸರಿಗೆ ನಿಧಾನಿಸು ಎಂದು ಅಪ್ಪಣೆ ಕೊಟ್ಟಿತ್ತು. ಆ ಅಪ್ಪಣೆಯನ್ನು ಕೇಳದಂತೆ ಮಾಡುವ ಉಪಾಯ ಅಂತರ್ಜಾಲದ ತುಂಬ ಸಿಗುತ್ತದೆ. ಅದನ್ನು ಹಂಚುವವರೂ ಪಾಲಿಸುವವರೂ ಮನೆಗೆ ಬೆಂಕಿ ಬಿದ್ದಾಗ ಕೂಗುವ ನಾಯಿಯ ಬಾಯಿ ಕಟ್ಟುವವರು ಎಂಬುದು ಗೋದಾ ಅವರ ಮತ. ಅಪ್ಪಣೆ ಕೊಟ್ಟವರು ಯಾರು ಎಂದು ಹುಡುಕಬೇಕು.

ಎರಡು ದಿನ ಹುಡುಕಿದರು. ಬೋರ್ಡಿನ ಅಂಚಿನಲ್ಲಿ ಬಿಸಿ ಅಳೆಯುವ, ಸಾಸಿವೆಗಿಂತ ಸಣ್ಣ ಬಿಡಿಭಾಗವೊಂದಿತ್ತು. ಅದರ ಅಳತೆ ಇರಬೇಕಾದ್ದಕ್ಕಿಂತ ಒಂದಿಷ್ಟು ಆಚೀಚೆ ತೋರಿತು. ಭೂತಗನ್ನಡಿಯ ಕೆಳಗೆ ಅದನ್ನು ಕಿತ್ತು ಹೊಸದನ್ನು ಕೂರಿಸಿದರು. ಇಡೀ ಪೇಟೆಯಲ್ಲಿ ಈ ಕೆಲಸ ಮಾಡಬಲ್ಲ ಇನ್ನೊಂದು ಕೈ ಇಲ್ಲ ಎಂದು ಅವರಿಗೆ ಗೊತ್ತಿತ್ತು, ಅದು ನಿಜವೂ ಆಗಿತ್ತು. ನಾಲ್ಕು ಗಂಟೆಯ ಪರೀಕ್ಷೆಯಲ್ಲಿ ಯಂತ್ರ ಅಲುಗಲಿಲ್ಲ. ಹೇಮಶ್ರೀ ತೆಗೆದುಕೊಂಡು ಹೋಗಲು ಬಂದಾಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆ ಹಳೆಯ ಕಾಳನ್ನು ತೋರಿಸಿದರು.

"ಇದು ನಿಮ್ಮ ನಂದೀಶನ ಕಣ್ಣಿಗೂ ಕಾಣಲ್ಲ," ಎಂದರು.

ಶನಿವಾರ ಅರ್ಹತಾ ಸುತ್ತು. ಭಾನುವಾರ ಬೆಳಿಗ್ಗೆ ಹೇಮಶ್ರೀ ಲ್ಯಾಪ್‌ಟಾಪಿಲ್ಲದೆ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತಳು. ಎರಡನೇ ಆಟದಲ್ಲಿ ಯಂತ್ರ ಮತ್ತೆ ಕೂತಿತ್ತು. ಉಳಿದ ನಾಲ್ವರು ಇವಳಿಗಾಗಿ ಕಾಯುತ್ತ ಒಬ್ಬೊಬ್ಬರಾಗಿ ಔಟಾದರು. ತಂಡ ಹೊರಬಿತ್ತು. ಅವಳು ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ನನ್ನ ಬೆಂಚಲ್ಲಿ ನಾಲ್ಕು ಗಂಟೆ ಓಡಿದೆ," ಎಂದರು ಗೋದಾ.

"ನಾನು ನಿಮ್ಮ ಬೆಂಚಲ್ಲಿ ಆಡಲ್ಲ ಮೇಡಂ," ಎಂದಳು ಹೇಮಶ್ರೀ. "ಒಂದ್ಸಲನಾದ್ರೂ ಮನೇಲಿ ಏನಾಗ್ತಿದೆ ಅಂತ ಕೇಳಿದ್ರಾ? ನಾನು ಬರ್ಕೊಂಡು ಬಂದಿದ್ದನ್ನ ನೀವು ಓದ್ಲೇ ಇಲ್ಲ."

 ಹುಡುಗಿಯ ಮನೆಯ ವೈರಿಂಗ್ ಕೆಟ್ಟಿರಬೇಕು ಎಂದು ಗೋದಾ ಆಗಲೇ ತೀರ್ಮಾನಿಸಿದ್ದರು. ಸೈಟು ಮಾರುವವರು ಕಟ್ಟಿಸಿದ ಮನೆ, ಮುಂದೆ ಗ್ರಾನೈಟು, ಒಳಗೆ ಕಳಪೆ ತಂತಿ. ಅದನ್ನು ಅಳೆದು ಇವಳ ಮುಖಕ್ಕೆ ಹಿಡಿದರೆ ಸರಿ. ಸಂಜೆ ಬರುತ್ತೇನೆ, ವಿಳಾಸ ಕೊಡಿ ಎಂದರು.

ಗವಿಪುರಂನ ಆ ಮೂರಂತಸ್ತಿನ ಮನೆ ಅವರು ಎಣಿಸಿದಂತೆಯೇ ಇತ್ತು. ಚಿನ್ನದ ಬಣ್ಣದ ಗೇಟು, ಗೇಟಿನ ಮೇಲೆ ಎರಡು ಸಿಂಹ. ಸಿಂಹಗಳನ್ನು ನೋಡಿ ಗೋದಾ ಅವರಿಗೆ ತಮ್ಮ ತೀರ್ಮಾನದ ಮೇಲೆ ನಂಬಿಕೆ ಇನ್ನೂ ಗಟ್ಟಿಯಾಯಿತು. ಹೇಮಶ್ರೀಯ ಅಜ್ಜಿ ಲಕ್ಷ್ಮೀದೇವಮ್ಮ ಕಾಫಿ ತಂದಿಟ್ಟು, ರಿಪೇರಿ ಮಾಡುವವರು ಹೆಂಗಸು ಎಂದು ಸಂತೋಷಪಟ್ಟರು. ಆ ಸಂತೋಷವೂ ಗೋದಾ ಅವರಿಗೆ ಬೇಕಿರಲಿಲ್ಲ.

ಗೋಡೆಯ ಪ್ಲಗ್ಗಿನಲ್ಲಿ ಮೀಟರ್ ಇಟ್ಟರು. ಇನ್ನೂರ ಇಪ್ಪತ್ತೊಂಬತ್ತು ವೋಲ್ಟ್, ಅರ್ಥಿಂಗ್ ಚೊಕ್ಕ. ಚಾಮರಾಜಪೇಟೆಯ ತಮ್ಮ ಮನೆಯಲ್ಲೂ ಅಷ್ಟು ಚೊಕ್ಕವಾಗಿರಲಿಲ್ಲ. ಇನ್ನೊಂದು ಪ್ಲಗ್ಗು ಅಳೆದರು, ಅದೂ ಸರಿ. ಹೇಮಶ್ರೀ ಆಟ ಶುರುಮಾಡಿದಳು. ಹತ್ತು ನಿಮಿಷ ನಾಲ್ಕು ಗಿಗಾಹರ್ಟ್ಸ್. ಆಮೇಲೆ ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಲ್ಯಾಪ್‌ಟಾಪನ್ನು ಸ್ವಲ್ಪ ತಿರುಗಿಸಿದಳು. ಅಂಕಿ ಸೊನ್ನೆ ಪಾಯಿಂಟ್ ಎಂಟಕ್ಕೆ ಬಿತ್ತು. ಗೋದಾ ಅದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ಅವರು ತಂತಿಯನ್ನು ಹಿಡಿದುಕೊಂಡು ಹೋದರು. ಚಾರ್ಜರಿನ ತಂತಿ ಪಿನ್ನಿನ ಕುತ್ತಿಗೆಯಲ್ಲಿ ಮಡಿಸಿಕೊಂಡಿತ್ತು, ಹೊರಗೆ ಗಾಯವಿರಲಿಲ್ಲ. ಬೆರಳಿನಿಂದ ಒತ್ತಿ ನೋಡಿದರೆ ಆ ಜಾಗ ಮೆತ್ತಗಿತ್ತು. ಕಿತ್ತು ಮೀಟರ್ ಹಚ್ಚಿದರು. ವಿದ್ಯುತ್ತು ಸರಿಯಾಗಿ ಬರುತ್ತಿತ್ತು. ಆದರೆ ಪಿನ್ನಿನ ನಡುವೆ ಸೂಜಿಯಂಥ ಇನ್ನೊಂದು ಪಿನ್ ಇರುತ್ತದೆ, ಈ ಚಾರ್ಜರ್ ಎಷ್ಟು ಶಕ್ತಿಯದು ಎಂದು ಲ್ಯಾಪ್‌ಟಾಪಿಗೆ ತಿಳಿಸುವುದು ಅದರ ಕೆಲಸ. ತಂತಿ ಬಾಗಿದಾಗ ಅದು ಮೂಕವಾಗುತ್ತಿತ್ತು. ಯಾವ ಚಾರ್ಜರೋ ಎಂಬ ಅನುಮಾನದಲ್ಲಿ ಯಂತ್ರ ತನ್ನ ಪ್ರೊಸೆಸರನ್ನು ಕಟ್ಟಿಹಾಕುತ್ತಿತ್ತು. ಬೋರ್ಡಿನಲ್ಲಿ ದೋಷವಿರಲಿಲ್ಲ. ಮೊದಲ ದಿನ 'ಇದು ಬೇಡ, ತೆಗೆದುಕೊಂಡು ಹೋಗಿ' ಎಂದು ಹಿಂದಕ್ಕೆ ಕಳಿಸಿದ ಆ ಇಟ್ಟಿಗೆಯಲ್ಲೇ ಇತ್ತು.

ಹಾಳೆಯಲ್ಲಿ ಏನು ಬರೆದಿದ್ದೆ ಎಂದು ಗೋದಾ ಕೇಳಿದರು. ಹೇಮಶ್ರೀ ಫೋನಿನಲ್ಲಿದ್ದ ನಕಲು ತೋರಿಸಿದಳು. ಮೂರನೇ ಸಾಲಿನಲ್ಲಿ, ಮಲ್ಲೇಶ್ವರಂನಲ್ಲಿ ತಂಡದ ಅಭಿರಾಮನ ಮನೆಯಲ್ಲಿ ಅವನ ಚಾರ್ಜರ್ ಹಾಕಿ ಆಡಿದ ಎರಡು ಸಂಜೆಯೂ ತೊಂದರೆ ಆಗಲಿಲ್ಲ ಎಂದಿತ್ತು. ಆರನೇ ಸಾಲಿನಲ್ಲಿ, ನಿಧಾನವಾದಾಗಲೆಲ್ಲ ಬ್ಯಾಟರಿಯೂ ಇಳಿಯುತ್ತದೆ ಎಂದಿತ್ತು. ಕಾರ್ಖಾನೆಗೆ ಸೇರಿದ ಮೊದಲ ವಾರದ ಟ್ರೈನಿ ಕೂಡ ಈ ಎರಡು ಸಾಲು ಓದಿ ಚಾರ್ಜರ್ ಕೇಳುತ್ತಿದ್ದ. ಓದದ ತಮ್ಮ ಮೇಲೆಯೇ ಗೋದಾ ಅವರಿಗೆ ಬಂದ ತಿರಸ್ಕಾರ ನಂದೀಶನ ಮೇಲೆ ಯಾವತ್ತೂ ಬಂದಿರಲಿಲ್ಲ.

ಆ ಕೋಣೆಯಲ್ಲಿ ಪಿನ್ನಿನ ವಿಷಯ ಗೊತ್ತಿದ್ದವರು ಅವರೊಬ್ಬರೇ. ಎರಡೂ ಕಡೆ ದೋಷವಿತ್ತು, ಅಲ್ಲಿಯದು ತೆಗೆದೆ, ಇಲ್ಲಿಯದು ಈಗ ಸಿಕ್ಕಿತು ಎಂದರೆ ಎಲ್ಲರೂ ನಂಬುತ್ತಿದ್ದರು. ಆ ಮಾತು ಬಾಯಿಯವರೆಗೆ ಬಂತು. ಸುಳ್ಳು ಹೇಳುವ ಗಿರಾಕಿಗಳು ಇದೇ ಮುಖ ಮಾಡುತ್ತಾರೆ ಎನ್ನಿಸಿ ನಿಲ್ಲಿಸಿದರು.

"ಚಾರ್ಜರ್ ಒಂದೇ ಕೆಟ್ಟಿದ್ದು," ಎಂದರು. "ಬೋರ್ಡಲ್ಲಿ ನಾನು ತೆಗೆದಿದ್ದು ಚೆನ್ನಾಗಿದ್ದ ಭಾಗ. ನೀನು ಬರೆದಿದ್ದನ್ನ ಓದಿದ್ದಿದ್ರೆ ನಿಮ್ಮ ಶನಿವಾರ ಉಳೀತಿತ್ತು."

 ಹೊಸ ಚಾರ್ಜರ್ ಯಾವುದು ತರಬೇಕು ಎಂದು ಹೇಮಶ್ರೀ ಕೇಳಿದಳು. ಗೋದಾ ಬರೆದುಕೊಟ್ಟರು. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ, ಅದನ್ನು ಗೋದಾ ಮೆಚ್ಚಿದರು. ಮುಂದಿನ ಪಂದ್ಯಾವಳಿ ಜೂನಿನಲ್ಲಂತೆ. ತಂಡದಲ್ಲಿ ಇವಳಿರುತ್ತಾಳೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ ಎಂದು ಅಜ್ಜಿ ಗೇಟಿನವರೆಗೆ ಬಂದು ಪಿಸುದನಿಯಲ್ಲಿ ಹೇಳಿದರು.

ಮನೆಗೆ ಬಂದು ಡಬ್ಬಿಯಲ್ಲಿದ್ದ ಹಳೆಯ ಕಾಳನ್ನು ಮತ್ತೆ ಅಳೆದರು. ಕೋಣೆಯ ಬಿಸಿಗೆ ಎಷ್ಟಿರಬೇಕೋ ಅಷ್ಟೇ ಇತ್ತು. ಅಂದು ಆಚೀಚೆ ತೋರಿದ್ದು ತಮಗೆ ಹಾಗೆ ಕಾಣಬೇಕಿದ್ದರಿಂದ. ರಾಮಸ್ವಾಮಿಗೆ ನಡೆದದ್ದನ್ನೆಲ್ಲ ಹೇಳಿದರು. ಅವರು ಪತ್ರಿಕೆ ಮಡಿಸಿಟ್ಟು ಕೇಳಿ, ಆ ನಂದೀಶ್ ಹೇಳಿದ್ದೇ ಸರಿಯಾಯಿತಲ್ಲ ಎಂದರು. ಮೂವತ್ತು ವರ್ಷದಲ್ಲಿ ಅವರು ಹೇಳಿದ ಅತಿ ಕ್ರೂರ ಮಾತು ಅದು.

ಮರುದಿನ ಗೋದಾ ಕಾಟನ್‌ಪೇಟೆಗೆ ನಡೆದುಹೋದರು. ನಂದೀಶ್ ಯಾರದೋ ಯಂತ್ರಕ್ಕೆ ಪೇಸ್ಟ್ ಬಳಿಯುತ್ತಿದ್ದ, ಬೆರಳಿನಿಂದ. ಗವಿಪುರಂ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಚಾರ್ಜರ್ ಕೆಟ್ಟಿತ್ತು, ನೀವು ಹೇಳಿದ್ದು ಸರಿ, ನಾನು ಗಮನಿಸಲಿಲ್ಲ ಎಂದು ನಿಂತಲ್ಲೇ ಹೇಳಿ ಮುಗಿಸಿದರು. ಹೇಗೆ ಗೊತ್ತಾಯಿತು ಎಂದು ಕೇಳುವ ಮನಸ್ಸೂ ಇತ್ತು, ಕೇಳಿದರು.

ನಂದೀಶ್ ಯಾವ ಹುಡುಗಿ ಎಂದು ಯೋಚಿಸಿದ. ನೆನಪಾಗಲಿಲ್ಲ.

"ನಾನು ಎಲ್ಲಾರ್ಗೂ ಹಂಗೇ ಹೇಳ್ತೀನಿ ಮೇಡಂ," ಎಂದ. "ಹತ್ತರಲ್ಲಿ ಒಂದು ಸರಿ ಹೋಗತ್ತೆ."

ಆಮೇಲೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಮೇಲಿನ ಅಟ್ಟಣಿಗೆಯಿಂದ ಚಾರ್ಜರುಗಳ ರಟ್ಟಿನ ಪೆಟ್ಟಿಗೆ ಇಳಿಸಿದ. ನೀವೂ ನಾಲ್ಕು ಇಟ್ಟುಕೊಳ್ಳಿ, ಹೋಲ್‌ಸೇಲ್ ರೇಟಿಗೆ ಕೊಡುತ್ತೇನೆ ಎಂದ. ಗೋದಾ ಒಂದನ್ನು ಕೈಗೆತ್ತಿಕೊಂಡು ಪಿನ್ನಿನ ಕಡೆ ನೋಡಿದರು. ನಡುವೆ ಸೂಜಿಯೇ ಇರಲಿಲ್ಲ. ಅದನ್ನು ಪೆಟ್ಟಿಗೆಗೆ ಹಾಕಿ, ಚೀಲದಿಂದ ಎರಡು ಸೆಲ್ ತೆಗೆದು, ಅವನ ಮೇಜಿನ ಮೇಲೆ ಧೂಳು ಹಿಡಿದಿದ್ದ ಮೀಟರಿನ ಪಕ್ಕ ಇಟ್ಟು ಹೊರಟರು.