ತಿಂಗಳು ತುಂಬದ ಕೂಸು

ಫ್ರೇಹಾಳ ಕೆಲಸ ಮಡಕೆಚೂರು ತೊಳೆಯುವುದು. ಹಳೆಯ ಕಾಲದ ಊರೊಂದು ಹೂತುಹೋಗಿದ್ದ ಗಲಿಲಾಯದ ಆ ದಿಬ್ಬವನ್ನು ಯೂನಿವರ್ಸಿಟಿಯವರು ಬೇಸಿಗೆ ಬೇಸಿಗೆಗೂ ಅಗೆಯುತ್ತಿದ್ದರು. ನೆರಳಿಗೆ ಕಟ್ಟಿದ ಬಲೆಯ ಕೆಳಗೆ ಬಕೆಟ್ಟು, ಬ್ರಷ್ಷು ಇಟ್ಟುಕೊಂಡು ಅವಳು ಕೂತರೆ ಕೈಗಿಂತ ಬಾಯಿ ಜೋರು. "ಅಲ್ರೋ, ದಾವೀದ ರಾಜನ ಕಾಲದವರಿಗೆ ಮಡಕೆ ಒಡೆಯೋದು ಬಿಟ್ರೆ ಬೇರೆ ಕಸುಬೇ ಇರ್ಲಿಲ್ವೇನ್ರೋ?" ಎಂದು ಅಗೆಯುವವರನ್ನು ರೇಗಿಸುತ್ತಿದ್ದಳು. ಮೊರಾಕೊದಿಂದ ಹೊಸ ಮದುವಣಗಿತ್ತಿಯಾಗಿ ಬಂದವಳು. ಈಗ ವಿಧವೆ, ಮೊಮ್ಮಕ್ಕಳು ಕಂಡವಳು.

ಒಂದು ದಿನ ಮನೆಯೊಂದರ ನೆಲದಡಿಯಿಂದ ಇಡೀ ಗಡಿಗೆಯೇ ಬಂತು. ಬಾಯಿಗೆ ಬಟ್ಟಲು ಮುಚ್ಚಿತ್ತು. ಒಳಗೆ ಎಳೆಗೂಸಿನ ಬೆರಳುದ್ದದ ಎಲುಬುಗಳು.

ಫ್ರೇಹಾ ಬ್ರಷ್ ಕೆಳಗಿಟ್ಟಳು. "ಇದನ್ನ ನಾನು ತೊಳೆಯೋಲ್ಲ."

ಹೇಗೆ ತೊಳೆದಾಳು? ಅವಳ ಚೊಚ್ಚಲ ಗಂಡು ಕೂಸು ಜ್ವರ ಬಂದು, ತಿಂಗಳು ತುಂಬುವ ಮೊದಲೇ ಹೋಗಿತ್ತು. ಅಂಥ ಕೂಸಿಗೆ ಯೆಹೂದ್ಯರಾದ ಅವರಲ್ಲಿ ಸೂತಕವಿಲ್ಲ, ಕಲ್ಲು ನಿಲ್ಲಿಸುವುದಿಲ್ಲ. ಊರಿನ ಹೆಣ ಹೂಳುವ ಸಮಾಧಿ ಸಂಘದವರು ಬಂದು ಎತ್ತಿಕೊಂಡು ಹೋಗಿದ್ದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ, "ಕೇಳಬಾರದು ತಾಯಿ. ಇನ್ನೊಂದು ಹೆರು, ಮರೆತುಹೋಗುತ್ತೆ" ಎಂದರು. ಅತ್ತೆಯಂತೂ "ನಿನ್ನ ಹಾಲೇ ಸರಿಯಿಲ್ಲ" ಎಂದುಬಿಟ್ಟಳು. ಥೂ, ಎಂಥ ಮಾತು! ಆಮೇಲೆ ನಾಲ್ಕು ಹೆತ್ತಳು. ಒಂದೂ ಮರೆಸಲಿಲ್ಲ. ಊರಲ್ಲಿ ಎಲ್ಲಿ ಕಾಲಿಟ್ಟರೂ, ಇಲ್ಲೇ ಹೂತಿರಬಹುದೇ ಎಂದು ಇಟ್ಟ ಕಾಲನ್ನು ಹಿಂದೆಗೆಯುತ್ತಿದ್ದಳು. ಮಕ್ಕಳು ಖಾಲಿ ಜಾಗದಲ್ಲಿ ಚೆಂಡಾಡಿದರೆ ಕಿಟಕಿಯಿಂದ ಕಿರುಚುತ್ತಿದ್ದಳು. ಅವಳಿಗೆ ತಲೆಕೆಟ್ಟಿದೆ ಎಂದೇ ನೆರೆಹೊರೆಯವರು ತಿಳಿದಿದ್ದರು.

ಇತ್ತ ಬಲೆಯ ಕೆಳಗೆ ಗಡಿಗೆಯ ವಿಷಯಕ್ಕೆ ಜಗಳ ಹತ್ತಿತು. "ಇದು ಬಲಿ" ಎಂದರು ಅಗೆತ ನಡೆಸುತ್ತಿದ್ದ ಪ್ರೊಫೆಸರ್ ಉಜಿಯೇಲ್. "ಮನೆ ನಿಲ್ಲಲಿ ಅಂತ ಕೊಟ್ಟಿದ್ದು. ಹಾಗಾಗಿ ಮನೆ ಇಸ್ರಾಯೇಲ್ಯರಿಗೂ ಮೊದಲಿದ್ದ ಕಾನಾನ್ಯರದು."

ಅವರ ಹಳೆಯ ಶಿಷ್ಯೆ ದೋರಿತ್ ಬಿಡುವವಳಲ್ಲ. "ಬಲಿಯಂತೆ! ಎಲುಬಿನ ಮೇಲೆ ಒಂದು ಗಾಯದ ಗುರುತಿಲ್ಲ ಸಾರ್. ಮನೆ, ಮಡಕೆ ಎಲ್ಲಾ ಇಸ್ರಾಯೇಲ್ಯರದೇ. ಸತ್ತ ಕೂಸನ್ನ ತಾಯಿ ಹತ್ತಿರ ಇಟ್ಕೊಂಡಿದಾಳೆ, ಅಷ್ಟೇ."

"ತಾಯಿ ಕರುಳು ಮಣ್ಣಿನ ಪದರದಲ್ಲಿ ಸಿಗಲ್ಲ ಕಣಮ್ಮ."

ಬಲಿ ಎಂಬ ಮಾತಿಗೆ ಫ್ರೇಹಾ ಬಕೆಟ್ಟನ್ನು ಅತ್ತ ತಳ್ಳಿದಳು. ಆದರೆ ಯಾರ ಪರ ವಹಿಸುವುದು? ಕಾನಾನ್ಯರದಾದರೆ ಎಲುಬು ಯೂನಿವರ್ಸಿಟಿಯ ಡಬ್ಬಕ್ಕೆ. ಇಸ್ರಾಯೇಲ್ಯರದಾದರೆ, ತಮ್ಮ ಪೂರ್ವಿಕರೆಂದು, ಸಮಾಧಿ ಸಂಘಕ್ಕೆ. ಯಾರು ಗೆದ್ದರೂ ಕೂಸು ತಾಯಿಯ ನೆಲ ಬಿಟ್ಟು ಹೋಗಲೇಬೇಕು. ಇದೂ ಕಾಣೆಯಾಗುತ್ತದಲ್ಲ ಎಂಬ ಸಂಕಟಕ್ಕೆ ಅವಳಿಗೆ ಅನ್ನನೀರು ಸೇರಲಿಲ್ಲ.

ಕೊನೆಗೆ ದೋರಿತಳ ಮಾತೇ ನಿಂತಿತು. ಸಂಘದ ಜೆಬುಲೂನ್ ವ್ಯಾನು ತಂದು ಎಲುಬುಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕಿಸಿಕೊಂಡ. ಫ್ರೇಹಾ ದಾರಿಗೆ ಅಡ್ಡ ನಿಂತಳು.

"ಎಲ್ಲಿಗೆ ಒಯ್ತೀಯ?"

"ಅದೆಲ್ಲ ಹೇಳೋ ಪದ್ಧತಿಯಿಲ್ಲ ಅಜ್ಜಿ."

"ಹೆತ್ತವಳಿಗೆ ಹೇಳಬಾರದು, ಸರಿ. ಇದನ್ನ ನಾನೇನು ಹೆತ್ತಿದೀನಾ? ಹೇಳು!"

ಅವನಿಗೆ ನಗು ಬಂತು. "ನಿನ್ನ ಬಾಯಿಗೆ ಯಾರು ಸಾಟಿ? ಹತ್ತು, ತೋರಿಸ್ತೀನಿ."

ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಳು. ವ್ಯಾನು ಹೋಗಿ ನಿಂತದ್ದು ಅವರೂರಿನ ಸ್ಮಶಾನದಲ್ಲೇ. ಗಂಡ ಮಖ್ಲೂಫನ ಗೋರಿ ದಾಟಿ, ಬಂದವರೆಲ್ಲ ಹೊರಡುವಾಗ ಕೈ ತೊಳೆಯುವ ನಲ್ಲಿಯ ಹಿಂದೆ ಬರೀ ನೆಲ, ಒಣಹುಲ್ಲು. ಜೆಬುಲೂನ್ ಅಲ್ಲಿ ಸಲಿಕೆ ಹಾಕಿದ.

"ಇಲ್ಲೇ ಯಾಕೋ?"

"ತಿಂಗಳು ತುಂಬದವನ್ನೆಲ್ಲ ಇಲ್ಲೇ ಅಜ್ಜಿ. ನಮ್ಮಪ್ಪ ಈ ಕೆಲಸ ಮಾಡ್ತಿದ್ದಾಗಿಂದ್ಲೂ. ಯಾವುದು ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಹೆಸರಿಲ್ಲದ ಕೂಸುಗಳು."

ವರ್ಷವರ್ಷವೂ ಗಂಡನ ಗೋರಿಗೆ ಬಂದು, ಇದೇ ನಲ್ಲಿಯಲ್ಲಿ ಕೈ ತೊಳೆದು, ಕೈಕೊಡವಿ ಹೋಗಿದ್ದಳು. ಫ್ರೇಹಾ ಅಲ್ಲೇ ಬಾಗಿ, ಎರಡೂ ಅಂಗೈ ನೆಲಕ್ಕೆ ಒತ್ತಿ ಕೂತಳು.

"ಹೆಸರಿಲ್ಲ ಅಂತ ಯಾರೋ ಹೇಳಿದ್ದು ನಿಂಗೆ?" ಎಂದಳು. ಆಮೇಲೆ, ಹೊತ್ತಾಯಿತು ಊಟಕ್ಕೆ ಬಾ ಎಂದು ಆಡುವ ಮಗುವನ್ನು ಕೂಗುವ ಹಾಗೆ, ಗಟ್ಟಿಯಾಗಿ ಕರೆದಳು: "ಮಸೂದ್! ಏ ಮಸೂದ್!"

ಜೆಬುಲೂನ್ ಸಲಿಕೆ ಹಿಡಿದು ನಿಂತೇಬಿಟ್ಟ. ತನ್ನ ಕಾಲಬುಡ ನೋಡಿಕೊಂಡ. ಒಂದು ಹೆಜ್ಜೆ ಹಿಂದಕ್ಕಿಡಲು ಹೋದವನು ಅಲ್ಲಿಯೂ ಇಡಲಾರದೆ, ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತ.