ಹನ್ನೊಂದೂವರೆಗೆ ಅಳೆದ ಕೈ

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹಳೇಬೀಡಿನಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ನಮ್ಮ ಜೊತೆಯಲ್ಲೇ ಇದ್ದ ಅಕ್ಕ ಗೆಂಡೆಹಳ್ಳಿಯ ಶಾಲೆಯಲ್ಲಿ ಟೀಚರ್. ಕೀಲುವಾತದಿಂದ ಅವಳ ಬೆರಳು, ಮಣಿಕಟ್ಟು, ಭುಜ ಬೆಳಗಿನ ಹೊತ್ತು ಮರಗಟ್ಟಿರುತ್ತಿದ್ದವು; ಬಿಸಿಲೇರಿದ ಮೇಲೆ ಸ್ವಲ್ಪ ಸಡಿಲವಾಗುತ್ತಿದ್ದವು. ಬೇಲೂರಲ್ಲಿ ಬಸ್ಸು ಬದಲಿಸುವಾಗ ಕಂಬಿ ಹಿಡಿಯಲಾಗದೆ ಎರಡು ಸಲ ಬಿದ್ದಿದ್ದಳು. ಹಳೇಬೀಡಿಗೆ ವರ್ಗ ಕೇಳಿದಾಗ ಕಚೇರಿಯವರು, ಕೈ ಎಷ್ಟು ಆಡುತ್ತದೆಂದು ಡಾಕ್ಟರಿಂದ ಬರೆಸಿ ತನ್ನಿ ಎಂದರು.

ಅದಕ್ಕೆ ಅರಸೀಕೆರೆಯ ಆಸ್ಪತ್ರೆಗೆ ಹೊರಟ ದಿನ ನನ್ನ ಹೆಂಡತಿ ಐದಕ್ಕೇ ಎದ್ದು ಅಕ್ಕನ ಕೈಗೆ ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಜಡೆ ಹೆಣೆದು, ಸೀರೆಯ ನೆರಿಗೆ ಹಿಡಿದಳು. ಕೆದರಿದ ತಲೆಯಲ್ಲಿ ಡಾಕ್ಟರ ಮುಂದೆ ಕೂರುವ ರೂಢಿ ನಮ್ಮ ಮನೆಯ ಹೆಂಗಸರಿಗಿರಲಿಲ್ಲ. ಅದಕ್ಕೆ ಮೊದಲು ಒಂದು ವಾರ, ಯಾವ ಗಂಟೆಗೆ ಅವಳಿಂದ ಏನು ಎತ್ತಲಾಗಲಿಲ್ಲ ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದೆ.

ನಮ್ಮ ಸರದಿ ಬಂದಾಗ ಹನ್ನೊಂದೂವರೆ. ಪೇಪರಿನವನು ಎಂದು ಪರಿಚಯ ಹೇಳಿಕೊಂಡೆ. ಡಾಕ್ಟರು ಬಿ.ಪಿ. ನೋಡುವ ಪಟ್ಟಿಯನ್ನು ಸುರುಳಿ ಸುತ್ತಿ, ಸ್ವಲ್ಪ ಗಾಳಿ ತುಂಬಿ, ಹಿಡಿತದ ಬಲ ನೋಡಲು ಅಕ್ಕನ ಕೈಗಿಟ್ಟು "ಹಿಸುಕಿ" ಎಂದರು. ಪಾದರಸ ನಾನು ಅಂದುಕೊಂಡದ್ದಕ್ಕಿಂತ ಮೇಲೇರಿತು. ಕತ್ತಿನ ಹಿಂದಕ್ಕೆ ಕೈ ಒಯ್ಯಲು ಹೇಳಿದರು. ಕಿವಿಯ ಹತ್ತಿರ ನಿಂತಿತು.

"ಜಡೆ ಚೆನ್ನಾಗಿದೆಯಲ್ಲಮ್ಮಾ, ಯಾರು ಹಾಕಿದ್ದು?"

"ನಾನೇ ಹಾಕ್ಕೊಂಡೆ ಸಾರ್."

"ನನ್ನ ಹೆಂಡತಿ ಹಾಕಿದ್ದು ಸಾರ್," ಎಂದೆ. "ಬೆಳಿಗ್ಗೆ ಆರಕ್ಕೆ ಇವಳ ಕೈಲಿ ಒಂದು ಚೊಂಬು ಎತ್ತೋಕಾಗಲ್ಲ."

"ಹಾಗಾದ್ರೆ ಆರಕ್ಕೆ ಕರ್ಕೊಂಡು ಬನ್ನಿ. ಪೇಪರಿನವರು ನೀವು, ಕೈ ಅವರದ್ದು. ಅವರೇ ಹೇಳ್ತಿದ್ದಾರಲ್ರೀ!"

ನಮ್ಮೂರಿಂದ ಆರಕ್ಕೆ ಅಲ್ಲಿಗೆ ಮುಟ್ಟುವ ಬಸ್ಸಿರಲಿಲ್ಲ. ನಾನು ಮುಂದಿಟ್ಟ ಟಿಪ್ಪಣಿ ಪುಸ್ತಕವನ್ನು ಅವರು ತೆರೆಯಲೂ ಇಲ್ಲ. ದಿನನಿತ್ಯದ ಕೆಲಸಕ್ಕೆ ಎರಡೂ ತೋಳು ಸಾಕು ಎಂದು ಬರೆದು ಸಹಿ ಹಾಕಿದರು.

ಹೊರಗೆ ಬಂದು ರೇಗಿದೆ. "ಯಾಕಕ್ಕ ಹಾಗಂದೆ?"

"ಮೆತ್ತಗೆ ಮಾತಾಡೋ. ತಲೆ ಬಾಚ್ಕೊಳ್ಳೋಕೂ ಆಗದೋಳು ಅಂತ ಸರ್ಕಾರಿ ಕಾಗದದಲ್ಲಿ ಬರೆಸ್ಕೊಳ್ಳಲಾ?"

"ಅದನ್ನ ಬರೆಸೋಕೇ ಕಣಕ್ಕ ನಾವು ಬಂದಿದ್ದು!"

ಅವಳು ಬಸ್ ನಿಲ್ದಾಣದ ಕಡೆ ನಡೆದಳು. ಅವಳ ಮೇಲೆ ಬಂದ ಸಿಟ್ಟು ಬಾಣಾವರ ದಾಟಿದರೂ ಇಳಿಯಲಿಲ್ಲ. ಡಾಕ್ಟರ ಮೇಲಿನದು ಇನ್ನೂ ಇಳಿದಿಲ್ಲ.

ವರ್ಗಕ್ಕೆ ಕಾರಣ ಕಾಣುವುದಿಲ್ಲ ಎಂದು ಅರ್ಜಿ ವಾಪಸ್ಸು ಬಂತು. ಮರುದಿನದಿಂದ ನಾನು ಅವಳ ಜೊತೆ ಬೇಲೂರಿನವರೆಗೆ ಹೋಗಿ, ರಟ್ಟೆ ಹಿಡಿದು ಗೆಂಡೆಹಳ್ಳಿಯ ಬಸ್ಸು ಹತ್ತಿಸತೊಡಗಿದೆ. ಆ ವರ್ಷವೆಲ್ಲ ಹಳೇಬೀಡಿನ ಬೆಳಗಿನ ಸುದ್ದಿಗಳು ನನ್ನ ಕೈತಪ್ಪಿದವು.